ಹೊಲಿಗೆ ಲೈನಿನಲ್ಲಿ ಒಬ್ಬರು ಮಂಕಾದಾಗ ಸೂಪರ್‌ವೈಸರ್ ಏನು ಮಾಡಬೇಕು

ಮದ್ದೂರು, ಮಂಡ್ಯ ಸುತ್ತಿನ ಗಾರ್ಮೆಂಟ್ಸ್‌ಗಳಲ್ಲಿ ಕೆಲಸಗಾರರ ಮನಸ್ಸು ಸರಿಯಿಲ್ಲ ಅನ್ನುವುದು ಮೊದಲು ಕಾಣುವುದು ಎಚ್‌ಆರ್‌ಗೆ ಅಲ್ಲ, ಲೈನ್ ಸೂಪರ್‌ವೈಸರ್‌ಗೆ. ಸುಳಿವು ಗಂಟೆ ಲೆಕ್ಕದ ಬೋರ್ಡಿನಲ್ಲೇ ಇರುತ್ತದೆ. ಗಂಟೆಗೆ 60 ಪೀಸ್ ಕೊಡುತ್ತಿದ್ದವರು 40ಕ್ಕೆ ಇಳಿಯುತ್ತಾರೆ, ಆಲ್ಟರ್ (ತಪ್ಪಾಗಿ ಮತ್ತೆ ಹೊಲಿಯಬೇಕಾದ ಪೀಸ್) ಹೆಚ್ಚುತ್ತದೆ, ಊಟದ ಡಬ್ಬಿ ಅರ್ಧ ಹಾಗೇ ಮನೆಗೆ ಹೋಗುತ್ತದೆ. ಒಂದು ದಿನದ್ದಾದರೆ ಬಿಡಿ. ವಾರವಿಡೀ ಹೀಗೇ ಇದ್ದರೆ ಮಾತಾಡಿಸಿ.

ಮಿಷನ್ ಪಕ್ಕದಲ್ಲಿ ನಿಂತು ಕೇಳಬೇಡಿ, ಅಕ್ಕಪಕ್ಕದವರು ಕಿವಿಗೊಟ್ಟಿರುತ್ತಾರೆ. ಆಫೀಸಿಗೂ ಕರೆಯಬೇಡಿ, ಕೆಲಸ ಹೋಯಿತೆಂದೇ ಲೈನೆಲ್ಲ ಮಾತಾಗುತ್ತದೆ. ಊಟದ ಹೊತ್ತು ಮುಗಿದು ಕ್ಯಾಂಟೀನ್ ಖಾಲಿಯಾದಾಗ ಹತ್ತು ನಿಮಿಷ ಕೂತರೆ ಸಾಕು. ಆ ಹತ್ತು ನಿಮಿಷವನ್ನು ಅವರ ಟಾರ್ಗೆಟ್‌ನಿಂದ ಕಳೆಯಿರಿ, ಇಲ್ಲದಿದ್ದರೆ ಅವರ ಗಮನವೆಲ್ಲ ಗಡಿಯಾರದ ಮೇಲಿರುತ್ತದೆ. "ಪ್ರೊಡಕ್ಷನ್ ಯಾಕೆ ಕಮ್ಮಿ?" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಕಂಡದ್ದನ್ನಷ್ಟೇ ಹೇಳಿ: "ಅಕ್ಕ, ಈ ವಾರ ನೀವು ಸರಿಯಾಗಿ ಊಟಾನೇ ಮಾಡ್ತಿಲ್ಲ, ಏನಾದ್ರೂ ತೊಂದ್ರೆ ಇದ್ಯಾ?" ಆಮೇಲೆ ಸುಮ್ಮನಿರಿ. "ಎಲ್ರ ಮನೇಲೂ ಇದ್ದದ್ದೇ ಬಿಡಿ" ಅನ್ನುವ ಸಮಾಧಾನ ಬೇಡವೇ ಬೇಡ. ಅದನ್ನು ಕೇಳಿದವರು ಮತ್ತೆ ಬಾಯಿ ಬಿಡುವುದಿಲ್ಲ.

ಹೊರಬರುವ ಕಾರಣ ಅನೇಕ ಸಲ ಸಂಘದ ಸಾಲದ ಕಂತು. ವಸೂಲಿಗೆ ಬಂದವರು ಮನೆ ಮುಂದೆ ಕೂತು ಗಲಾಟೆ ಮಾಡುವುದು, ಬೆದರಿಸುವುದು 2025ರ ರಾಜ್ಯದ ಕಿರುಸಾಲ ಕಾನೂನಿನಡಿ ಅಪರಾಧ, ಪೊಲೀಸರಿಗೆ ದೂರು ಕೊಡಬಹುದು ಎಂದು ತಿಳಿಸಿ. ಕಾರಣ ಲೈಂಗಿಕ ಕಿರುಕುಳವಾದರೆ ನೀವೇ ರಾಜಿ ಮಾಡಿಸಬೇಡಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ ಮೂರು ತಿಂಗಳೊಳಗೆ ಆ ಸಮಿತಿಗೆ ದೂರು ಬರೆದು ಕೊಡಲು ನೆರವಾಗಿ.

ನಿದ್ದೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದ್ದರೆ ಡಾಕ್ಟರ್ ಬೇಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಮನೋರೋಗ ವಿಭಾಗವಿದೆ. ಭಾನುವಾರ ಹೋಗಿ ಬನ್ನಿ ಅನ್ನಬೇಡಿ, ಓಪಿಡಿ ಇರುವುದು ಕೆಲಸದ ದಿನಗಳಲ್ಲಿ. ರಜೆ ಕೊಟ್ಟು ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಯಾರೂ ಬರೆದುಕೊಳ್ಳುವುದಿಲ್ಲ.

"ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದ್ಯಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ವ್ಯಾನ್ ಹತ್ತಿಸಬೇಡಿ. ಅವರು ನಂಬುವ ಒಬ್ಬರನ್ನು ಜೊತೆಗಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ರಜೆ ಪುಸ್ತಕದಲ್ಲಿ "ಅನಾರೋಗ್ಯ" ಎಂದಷ್ಟೇ ಬರೆಯಿರಿ; ವಾಟ್ಸಾಪ್ ಗ್ರೂಪಿಗೆ ಒಂದಕ್ಷರವೂ ಹೋಗಕೂಡದು. ಮರಳಿ ಬಂದವರಿಗೆ ಮಾತ್ರೆಯ ಮಂಪರು ಇರಬಹುದು. ಮೊದಲ ವಾರ ಬಟನ್ ಮಿಷನ್, ಕಟಿಂಗ್ ಬೇಡ. ದಾರ ಕತ್ತರಿಸುವುದು, ಚೆಕಿಂಗ್ ಕೊಡಿ, ಸಂಬಳ ಕಡಿಯದೆ.