ಶ್ರೀಲಂಕಾ ಪ್ಯಾಕೇಜ್ ಬಿಟ್ಟು ಶರಾವತಿ ಹಿಡ್ಕೊಂಡು ಸಮುದ್ರಕ್ಕೆ ಹೋದ್ವಿ

ಹೋದ ದೀಪಾವಳಿ ಟೈಮಲ್ಲಿ ನಮ್ಮನೆಯವ್ರು ಎಲ್ಲಿಂದಲೋ ಒಂದು ಶ್ರೀಲಂಕಾ ಪ್ಯಾಕೇಜ್ ಹಿಡ್ಕೊಂಡು ಬಂದ್ರು. ಯಾಲಾ ಕಾಡಲ್ಲಿ ಚಿರತೆ, ಮಿರಿಸ್ಸಾದಲ್ಲಿ ಬೀಚು, ತಿಮಿಂಗಿಲ, ಕ್ಯಾಂಡಿಯಲ್ಲಿ ಡ್ಯಾನ್ಸು, ಎಲ್ಲಾ ಏಳು ದಿನದಲ್ಲಿ. ನೋಡೋಕೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಐದು ಜನಕ್ಕೆ ಲೆಕ್ಕ ಹಾಕಿದ್ರೆ ಮೂರು ಲಕ್ಷ ದಾಟ್ತು, ಅತ್ತೆಗೆ ಪಾಸ್‌ಪೋರ್ಟೇ ಇಲ್ಲ, ಮೇಲಿಂದ ಅವರದ್ದು ಒಂದೇ ಮಾತು, "ಆನೆ ನೋಡಕ್ಕೆ ಅಷ್ಟು ದೂರ ಹೋಗ್ಬೇಕೇನೇ, ಸಕ್ರೆಬೈಲಲ್ಲಿ ಮತ್ತೆ ಎಂತ ಇರಾದು?"

ಆ ಮಾತು ನಂಗೆ ತಲೇಲಿ ಕೂತ್ಬಿಡ್ತು. ನಾವಿರೋದು ಶಿವಮೊಗ್ಗದಲ್ಲಿ, ಇಲ್ಲಿಂದ ಸಾಗರ ಎಪ್ಪತ್ತು ಚಿಲ್ರೆ ಕಿಲೋಮೀಟರು, ಅಲ್ಲಿಂದ ಜೋಗ 30, ಜೋಗದಿಂದ ಘಾಟಿ ಇಳಿದ್ರೆ ಹೊನ್ನಾವರ 60 ಇರ್ಬಹುದು. ಅಂದ್ರೆ ಆನೆ, ಕಾಡು, ಹೊಳೆ, ಯಕ್ಷಗಾನ, ಸಮುದ್ರ ಎಲ್ಲಾ ಹೆಚ್ಚು ಕಮ್ಮಿ ಒಂದೇ ರೋಡಲ್ಲಿ ಇದೆ, ನಾವು ಮಾತ್ರ ಅದನ್ನ ತುಂಡು ತುಂಡು ಮಾಡಿ ನೋಡಿದೀವಿ, ಜೋಗ ಅಂದ್ರೆ ನೆಂಟರು ಬಂದಾಗ, ಬೀಚ್ ಅಂದ್ರೆ ಮುರ್ಡೇಶ್ವರಕ್ಕೆ ಹೋಗಿ ಸಂಜೆ ವಾಪಸ್. ಈ ಸಲ ಶರಾವತಿ ಹೊಳೆ ಹೋದ ಹಾಗೇ ನಾವೂ ಹೋಗಾಣ ಅಂತ ನಾನೇ ಹೇಳ್ದೆ. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಸಮುದ್ರ ಸೇರೋದು ಹೊನ್ನಾವರದಲ್ಲಿ, ಒಟ್ಟು 128 ಕಿಲೋಮೀಟರ್ ಅಷ್ಟೇ. ಅಂಬುತೀರ್ಥ ಈ ಸಲ ಬಿಟ್ವಿ, ಸಾಗರದಿಂದ ಕೆಳಗೆ ಅಂತ ಫಿಕ್ಸ್ ಆಯ್ತು.

ಇನ್ನು ಯಾವಾಗ ಹೋಗೋದು ಅನ್ನೋದ್ರಲ್ಲೇ ನಂಗೆ ಒಂದು ವಾರ ಹೋಯ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ರೂ ಎಡವೋದು ಇಲ್ಲೇ. ಜೋಗ ನೋಡ್ಬೇಕು ಅಂದ್ರೆ ಜುಲೈಯಿಂದ ಸೆಪ್ಟೆಂಬರ್. ಮಂಡಗದ್ದೆಲಿ ತುಂಗಾ ಹೊಳೆ ಮಧ್ಯದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟೋದೂ ಮಳೆಗಾಲದಲ್ಲೇ. ಆದ್ರೆ ಆಗ ಸಮುದ್ರ ಹತ್ರ ನಿಲ್ಲೋಕೂ ಆಗಲ್ಲ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬೇರೆ ಬಂದ್, ಯಕ್ಷಗಾನ ಮೇಳಗಳ ತಿರುಗಾಟಾನೂ ಇರಲ್ಲ, ಅದು ಸುಮಾರು ನವೆಂಬರಿಂದ ಮೇ ತನಕ. ಕಡಲಾಮೆ ಮೊಟ್ಟೆ ಇಡೋಕೆ ಬರೋದು ಚಳಿಗಾಲದಲ್ಲಿ. ಸರಿ, ಚಳಿಗಾಲ ಅಂದ್ರೆ ಡಿಸೆಂಬರಿಂದ ಮೇ ತನಕ ನಮ್ಮ ಕಡೆ ಮಂಗನ ಕಾಯಿಲೆ ಸೀಸನ್. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಸಿಕ್ಕಿದ್ದು, ಉಣುಗು ಕಚ್ಚಿ ಬರೋದು, ತಮಾಷೆ ಅಲ್ಲ. ಹಂಗಾಗಿ ಎಲ್ಲಾ ಒಂದೇ ಸಲ ಸಿಗಲ್ಲ, ಯಾವ್ದಾದ್ರೂ ಒಂದನ್ನ ಬಿಡ್ಲೇಬೇಕು. ನಾವು ಜೋಗದ ನೀರು ಬಿಟ್ಟು ಸಮುದ್ರ, ಯಕ್ಷಗಾನ ಹಿಡ್ಕೊಂಡ್ವಿ, ಸಂಕ್ರಾಂತಿ ಆದ್ಮೇಲೆ, ಮಕ್ಕಳಿಗೆ ಸ್ಕೂಲಿಗೆ ರಜೆ ಹಾಕ್ಸಿ, ವಾರದ ಮಧ್ಯದಲ್ಲಿ. ಕಾಡೊಳಗೆ ನಡೆಯೋ ಪ್ಲಾನ್ ಇಟ್ಕೊಳ್ಲೇ ಇಲ್ಲ, ಆದ್ರೂ ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ತಗೊಂಡು ಹೋಗಿದ್ದೆ, ಕೈ ಕಾಲಿಗೆ ಹಚ್ಕೊಳ್ಳೋಕೆ.

ಮೊದಲ ದಿನ ಬೆಳಗ್ಗೆ ಸಕ್ರೆಬೈಲು ಆನೆ ಬಿಡಾರ. ಇದು ತೀರ್ಥಹಳ್ಳಿ ರೋಡಲ್ಲಿ, ಸಾಗರದ ಉಲ್ಟಾ ಕಡೆ, ಆದ್ರೆ ಬರೀ 14 ಕಿಲೋಮೀಟರ್, ಅದಕ್ಕೆ ನೋಡ್ಕೊಂಡು ಮನೆಗೆ ಬಂದು ಊಟ ಮಾಡಿ ಆಮೇಲೆ ಹೊರಟ್ವಿ. ಇಲ್ಲಿ ಟೈಮ್ ಒಂದೇ ಮುಖ್ಯ, ಎಂಟೂವರೆಗೆ ಗೇಟ್ ಹತ್ರ ಇರ್ಬೇಕು, ಹನ್ನೊಂದು ಗಂಟೆ ಮೇಲೆ ಹೋದ್ರೆ ಖಾಲಿ ಹೊಳೆ ನೋಡ್ಕೊಂಡು ಬರೋದೇ, ನಮ್ಮ ನೆಂಟರು ಎರಡು ಸಲ ಹಂಗೇ ಬಂದಿದಾರೆ. ರಾತ್ರಿ ಆನೆಗಳನ್ನ ಕಾಡಿಗೆ ಬಿಟ್ಟಿರ್ತಾರೆ, ಬೆಳಗ್ಗೆ ಮಾವುತ್ರು, ಕಾವಾಡಿಗಳು ಹುಡುಕ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ, ತುಂಗಾ ಹಿನ್ನೀರಲ್ಲಿ ಮಲಗಿಸಿ ಉಜ್ತಾರೆ, ಆಮೇಲೆ ಹುಲ್ಲಲ್ಲಿ ಭತ್ತ, ಬೆಲ್ಲ ಕಟ್ಟಿ ಬಾಯಿಗೆ ಕೊಡ್ತಾರೆ. ನನ್ನ ಮಗಳು ಅರ್ಧ ಗಂಟೆ ಒಂದು ಮರಿ ಆನೆ ಹತ್ರಾನೇ ನಿಂತಿದ್ಳು, ಅದು ನೀರಿಂದ ಎದ್ದು ಬರೋಕೇ ಒಪ್ತಿಲ್ಲ, ಮಾವುತ ಬೈಯ್ಯೋದು, ಅದು ಮತ್ತೆ ಮಲಗೋದು, ಥೇಟ್ ನಮ್ಮನೆ ಸೋಮವಾರ ಬೆಳಗ್ಗೆ.

ಸಾಗರದ ಹತ್ರ ಒಂದು ಹೋಂಸ್ಟೇನಲ್ಲಿ ಎರಡು ರಾತ್ರಿ ಇದ್ವಿ. ಅಡಿಕೆ ತೋಟದ ಮನೆ, ಊಟ ಸೇರಿ ತಲೆಗೆ 1,500. ಕಡುಬು, ಅಪ್ಪೆಹುಳಿ, ಎರಡನೇ ದಿನ ಮಡಿಕೆ ಬೆನ್ನಿನ ಮೇಲೆ ತೊಡೆದೇವು ಮಾಡೋದು ತೋರ್ಸಿದ್ರು, ಬಟ್ಟೆ ಅದ್ದಿ ಒಂದೇ ಸಲ ಎಳೀತಾರೆ, ನಾನು ಎಳೆದಿದ್ದು ಹರಿದು ಚೂರಾಯ್ತು.

ಎರಡನೇ ದಿನ ಇಕ್ಕೇರಿ ಅಘೋರೇಶ್ವರ ದೇವಸ್ಥಾನ ಬೆಳಗ್ಗೇನೇ ಮುಗಿಸಿದ್ವಿ. ಹೆಗ್ಗೋಡಿನ ಚರಕ ಅನ್ನೋ ಕೈಮಗ್ಗದ ಸಂಸ್ಥೆಯಲ್ಲಿ ಸೀರೆ ಒಂದು ತಗೊಂಡೆ, ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಹೊರಗಿಂದ ನೋಡಿದ್ವಿ, ಅವತ್ತು ನಾಟಕ ಇರ್ಲಿಲ್ಲ. ಆಮೇಲೆ ಸಿಗಂದೂರು.

ಇಲ್ಲಿ ಅತ್ತೆ ಬಗ್ಗೆ ಹೇಳ್ಬೇಕು. ಅವರ ತವರು ಮನೆ ಮುಳುಗಡೆ ಆಗಿರೋದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗೀತು, ಅತ್ತೆ ಆಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಲಾರಿಲಿ ಸಾಮಾನು, ದನ, ಜನ ಎಲ್ಲಾ ತುಂಬ್ಕೊಂಡು ಶಿವಮೊಗ್ಗ ಕಡೆ ಕಾಡಿಗೆ ತಂದು ಬಿಟ್ರಂತೆ, ಇಷ್ಟು ಮಾತ್ರ ನಂಗೆ ಗೊತ್ತಿತ್ತು, ಮದುವೆಯಾಗಿ ಹದಿನಾರು ವರ್ಷದಲ್ಲಿ ಇದಕ್ಕಿಂತ ಜಾಸ್ತಿ ಅವರು ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಮೊದಲೆಲ್ಲ ಸಿಗಂದೂರಿಗೆ ಹೋಗ್ಬೇಕಾದ್ರೆ ಅಂಬಾರಗೋಡ್ಲಲ್ಲಿ ಲಾಂಚಿಗೆ ಕಾಯ್ಬೇಕಿತ್ತು, ಈಗ 2025ರ ಜುಲೈಯಲ್ಲಿ ಸೇತುವೆ ಓಪನ್ ಆಗಿದೆ, 2.44 ಕಿಲೋಮೀಟರ್, ಕೇಬಲ್ ಎಳೆದು ಕಟ್ಟಿರೋದು. ಮಕ್ಕಳು ಕಿಟಕಿಲಿ ವಿಡಿಯೋ ಮಾಡ್ತಿದ್ರು. ಅತ್ತೆ ಮಾತ್ರ ನೀರನ್ನೇ ನೋಡ್ತಾ ಕೂತಿದ್ರು, ಆಚೆ ದಡ ಬಂದ್ಮೇಲೆ "ನಿಲ್ಸು ಸ್ವಲ್ಪ" ಅಂದ್ರು. ಇಳಿದು ಕೈ ತೋರ್ಸಿದ್ರು, "ಆ ನಡುಗಡ್ಡೆ ಕಾಣ್ತದಲ, ಅದು ನಡುಗಡ್ಡೆ ಅಲ್ಲ, ನಮ್ಮೂರ್ ಗುಡ್ಡದ ತಲೆ ಇರ್ಬೇಕು. ಮನೆ ಅದ್ರ ಬುಡದಾಗಿತ್ತು." ನಿಜವಾಗ್ಲೂ ಅದೇ ಗುಡ್ಡಾನೋ ಇನ್ನೊಂದೋ ಯಾರು ಹೇಳೋಕಾಗತ್ತೆ. ನನ್ನ ಮಗ "ಹಂಗಾದ್ರೆ ನಿಮ್ಮನೆ ಈಗ್ಲೂ ಒಳಗಿದೆಯಾ ಅಜ್ಜಿ" ಅಂತ ಕೇಳ್ದ. "ಮಣ್ಣಿನ ಗೋಡೆ ಕಣ, ಮೊದಲ್ನೇ ಮಳೆಗೇ ಕರಗಿರ್ತದೆ" ಅಂದ್ರು. ಆಮೇಲೆ ಗೋಡೆ ಮೇಲೆ ಅವರಮ್ಮ ಬರೀತಿದ್ದ ಚಿತ್ತಾರದ ಕಥೆ ಶುರುವಾಯ್ತು.

ಸಿಗಂದೂರಲ್ಲಿ ಚೌಡಮ್ಮನ ದರ್ಶನ ಮುಗಿಸಿ ವಾಪಸ್ ಬರ್ತಾ ಅತ್ತೆಯ ಚಿಕ್ಕಮ್ಮನ ಮಗಳ ಮನೆಗೆ ಹೋದ್ವಿ, ಪ್ಲಾನಲ್ಲಿ ಇರ್ಲೇ ಇಲ್ಲ ಇದು. ಅವರು ಈಗ್ಲೂ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬ್ರಶ್ ಅಂದ್ರೆ ಪುಂಡಿ ನಾರು. ಮದುವೆ ಹಸೆಗೋಡೆಗೆ, ಭೂಮಿ ಹುಣ್ಣಿಮೆ ಬುಟ್ಟಿಗೆ ಬರೆಯೋದು. ಎಪ್ಪತ್ತು ದಾಟಿದ ಅತ್ತೆ ನಾರು ಹಿಡ್ಕೊಂಡು ಒಂದು ಗೆರೆ ಎಳೆದ್ರು ನೋಡಿ, ಸ್ಕೇಲ್ ಇಟ್ಟ ಹಾಗೆ. ನಾವು ಸಂಜೆ ಹಿನ್ನೀರಲ್ಲಿ ಸೂರ್ಯಾಸ್ತ ನೋಡೋ ಪ್ಲಾನ್ ಇತ್ತು, ಅದು ಕೈ ಬಿಟ್ಟೋಯ್ತು, ಯಾರಿಗೂ ಬೇಜಾರಾಗ್ಲಿಲ್ಲ. ಇದೇ ಪ್ಯಾಕೇಜಲ್ಲಿ ಆಗಿದ್ರೆ ಡ್ರೈವರ್ ಹಾರ್ನ್ ಹೊಡೀತಿದ್ದ.

ಮೂರನೇ ದಿನ ಜೋಗ. 830 ಅಡಿ ಬಂಡೆ ಇತ್ತು, ನೀರು ನೂಲೆಳೆ ಹಾಗೆ. ಮೇಲೆ ಕರೆಂಟಿಗೆ ತಡೆದಿರ್ತಾರೆ, ಗೊತ್ತಿದ್ದೇ ಹೋಗಿದ್ದು. ಇಪ್ಪತ್ತು ನಿಮಿಷಕ್ಕೆ ಎದ್ವಿ.

ಮಾವಿನಗುಂಡಿ ದಾಟಿ ಮಲೆಮನೆ ಘಾಟಿ ಇಳಿಯೋವಾಗ ನಿಧಾನಕ್ಕೆ ಹೋಗಿ, ಇದು ನನ್ನ ಖಾಸಾ ಸಲಹೆ. ಎರಡು ಕಾರಣ. ಒಂದು, ತಿರುವು ಜಾಸ್ತಿ, ನಮ್ಮ ಮಗಳು ಎರಡು ಸಲ ವಾಂತಿ ಮಾಡಿದ್ಳು, ಕವರ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ಇನ್ನೊಂದು, ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೂದಲು, ಬಾಲದ ತುದೀಲಿ ಸಿಂಹದ ತರ ಕುಚ್ಚು, ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಮರದ ತುದೀಲೇ ಇರೋ ಪ್ರಾಣಿ. ಎರಡನೇ ವಾಂತಿಗೆ ಅಂತ ಕಾರು ನಿಲ್ಸಿದಾಗ್ಲೇ ಮೇಲೆ ಕೊಂಬೆ ಅಲ್ಲಾಡ್ತು, ನಾಲ್ಕೈದು ಇದ್ವು, ಒಂದರ ಹೊಟ್ಟೆಗೆ ಮರಿ ಕಚ್ಕೊಂಡಿತ್ತು. ಅಷ್ಟರಲ್ಲಿ ಇನ್ನೊಂದು ಕಾರಿನವರು ಬಂದು ಬಿಸ್ಕೆಟ್ ಎಸೆದ್ರು. ನಂಗೆ ಸಿಟ್ಟು ತಡೀಲಿಲ್ಲ, ಹೇಳ್ದೆ, "ರೋಡಿಗೆ ಇಳಿಯೋದು ಕಲಿತ್ರೆ ನಾಳೆ ಯಾವ್ದೋ ಲಾರಿ ಅಡಿಗೆ ಹೋಗ್ತಾವೆ ಸಾರ್" ಅಂತ. ಅವರು ನಕ್ಕೊಂಡು ಹೋದ್ರು. ಈ ಕಣಿವೆ ಸಿಂಗಳೀಕದ್ದೇ ಅಭಯಾರಣ್ಯ, ಇಲ್ಲೇ ನೀರನ್ನ ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸಿ ಕರೆಂಟ್ ತೆಗೆಯೋ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇರೆ ಅಂತಿದಾರೆ. ಅತ್ತೆ ಹತ್ರ ಅದರ ಹೆಸರು ಎತ್ತಿದ್ರೆ "ಇನ್ನೂ ಎಷ್ಟಂತೆ ಇವ್ರಿಗೆ ಕರೆಂಟು" ಅಂತಾರೆ.

ಗೇರುಸೊಪ್ಪದ ಚತುರ್ಮುಖ ಬಸದಿ ಮಿಸ್ ಆಯ್ತು, ಮಗಳು ಸುಸ್ತಾಗಿದ್ಳು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ದ ಚೆನ್ನಭೈರಾದೇವಿಯ ಊರು, ಬಿಡಬಾರದಿತ್ತು.

ಹೊನ್ನಾವರದಲ್ಲಿ ಒಂದು ಎಡವಟ್ಟಾಯ್ತು. ಸೀ ವ್ಯೂ ಅಂತ ಫೋನಲ್ಲೇ ಬುಕ್ ಮಾಡಿದ್ದ ರೂಮಿಂದ ಕಾಣ್ತಿದ್ದಿದ್ದು ಪಕ್ಕದ ಮನೆ ನೀರಿನ ಟ್ಯಾಂಕು. ಸಮುದ್ರ ಎಲ್ಲಿ ಅಂದ್ರೆ "ಟೆರೇಸಿಗೆ ಹೋದ್ರೆ ಕಾಣ್ತದೆ" ಅಂದ್ರು. ಅಡ್ವಾನ್ಸ್ ಕೊಟ್ಟಾಗಿತ್ತು. ಇನ್ಮೇಲೆ ರೂಮಿನ ಕಿಟಕಿಯಿಂದ್ಲೇ ವಿಡಿಯೋ ಕಾಲ್ ಮಾಡಿ ತೋರ್ಸಿ ಅನ್ನೋದೇ.

ನಾಲ್ಕನೇ ದಿನ ಬೆಳಗ್ಗೆ ಐದೂಮುಕ್ಕಾಲಿಗೆ ಕಾಸರಕೋಡು ಕಡೆ ಮರಳಿಗೆ ಹೋದ್ವಿ. ಆಮೆ ನೋಡೋ ಆಸೆ. ರಾತ್ರಿ ಟಾರ್ಚ್ ಹಿಡ್ಕೊಂಡು ಓಡಾಡಿದ್ರೆ ಮೊಟ್ಟೆ ಇಡೋಕೆ ಬಂದಿದ್ದೂ ಹಂಗೇ ವಾಪಸ್ ಹೋಗತ್ತೆ ಅಂತ ಹಿಂದಿನ ದಿನಾನೇ ಒಬ್ರು ಮೀನುಗಾರರು ಹೇಳಿದ್ರು, ಅದಕ್ಕೆ ನಸುಕಿಗೆ ಹೋಗಿದ್ದು. ಆಮೆ ಸಿಗ್ಲಿಲ್ಲ. ಆದ್ರೆ ನೀರಿಂದ ಮೇಲೆ ಹೋಗಿ ವಾಪಸ್ ಬಂದ ಗುರುತು ಸಿಕ್ತು, ಸಣ್ಣ ಟ್ರ್ಯಾಕ್ಟರ್ ಚಕ್ರ ಹೋದ ಹಾಗೆ. ಸ್ವಲ್ಪ ಹೊತ್ತಿಗೆ ಅರಣ್ಯ ಇಲಾಖೆ ವಾಚರ್ ಬಂದು ಜಾಗ ಹುಡುಕಿ ಸುತ್ತ ಬೇಲಿ ಹಾಕಿದ್ರು. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ ಇರತ್ತೆ, 45ರಿಂದ 60 ದಿನ ಬೇಕು ಮರಿಯಾಗೋಕೆ, ಮರಳು ಎಷ್ಟು ಬಿಸಿ ಇದೆ ಅನ್ನೋದ್ರ ಮೇಲೆ ಗಂಡೋ ಹೆಣ್ಣೋ ತೀರ್ಮಾನ ಆಗತ್ತೆ, ಬಿಸಿ ಜಾಸ್ತಿ ಇದ್ರೆ ಹೆಣ್ಣು. ನನ್ನ ಮಗಳಿಗೆ ಇದು ಭಾರೀ ಖುಷಿ.

ಈಜಿದ್ದು ಕಾಸರಕೋಡು ಇಕೋ ಬೀಚಲ್ಲೇ, 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ ಸ್ವಚ್ಛ ಬೀಚಿನ ಗುರುತು ಸಿಕ್ಕಿದ್ದು, ಬಟ್ಟೆ ಬದಲಾಯಿಸೋಕೆ ಜಾಗ ಇದೆ, ಲೈಫ್‌ಗಾರ್ಡ್ ಇರ್ತಾರೆ. ಅತ್ತೆ ಮೊಣಕಾಲ ತನಕ ನೀರಿಗಿಳಿದು ಬಾಗಿ ಒಂದು ಬೊಗಸೆ ಬಾಯಿಗೆ ಹಾಕ್ಕೊಂಡು ಉಗಿದ್ರು, "ನಮ್ಮ ಹೊಳೆ ನೀರು ಇಲ್ಲಿಗೆ ಬಂದು ಹಿಂಗಾಯ್ತಾ" ಅಂತ. ಮಧ್ಯಾಹ್ನ ಬಂಗಡೆ ಫ್ರೈ, ಸಿಗಡಿ ಸುಕ್ಕ, ಊಟ ಸಣ್ಣ ಹೋಟೆಲಲ್ಲೇ ಮಾಡಿ, ಬೀಚ್ ಎದುರಿನ ರೇಟು ಸುಮ್ನೆ. ಸಂಜೆ ಶರಾವತಿಲಿ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯ ಮರದ ಹಲಗೆ ದಾರಿ, ತಲೆ ಮೇಲೆ ಕೊಂಕಣ ರೈಲ್ವೆಯ ಎರಡು ಕಿಲೋಮೀಟರ್ ದಾಟೋ ಸೇತುವೆ.

ರಾತ್ರಿ ಆಟ, ಅಂದ್ರೆ ಯಕ್ಷಗಾನ. ಎಲ್ಲಿದೆ ಅಂತ ಯಾವ ಆ್ಯಪಲ್ಲೂ ಹುಡುಕ್ಬೇಡಿ, ಅಂಗಡಿ ಗೋಡೆ ಮೇಲಿನ ಪೋಸ್ಟರ್ ನೋಡಿ ಇಲ್ಲಾ ಆಟೋದವರನ್ನ ಕೇಳಿ. ನಮಗೆ ಹತ್ತು ಕಿಲೋಮೀಟರ್ ದೂರದ ಒಂದು ದೇವಸ್ಥಾನದ ಬಯಲಲ್ಲಿ ಹರಕೆ ಆಟ ಸಿಕ್ತು. ಇದು ಯಕ್ಷಗಾನದ ಬಡಗುತಿಟ್ಟು ಶೈಲಿಯ ಸೀಮೆ, 1934ರಲ್ಲಿ ಶುರುವಾದ ಕೆರೆಮನೆ ಮೇಳದ ಗುಣವಂತೆ ಕೂಡ ಇಲ್ಲೇ ಪಕ್ಕದಲ್ಲಿ. ಒಂಬತ್ತಕ್ಕೇ ಹೋಗಿ, ಕೇಳ್ಕೊಂಡು ಕಲಾವಿದರು ಬಣ್ಣ ಹಚ್ಕೊಳ್ಳೋ ಚೌಕಿ ಒಳಗೆ ಮಕ್ಕಳನ್ನ ಬಿಟ್ವಿ. ನೆಲದ ಮೇಲೆ ಕೂತು ಕೈಗನ್ನಡಿ ಹಿಡ್ಕೊಂಡು ತಾವೇ ಬಣ್ಣ ಹಚ್ಕೊಳ್ತಿದ್ರು, ಮಗ ಒಬ್ಬರ ಮುಂದೆ ಕೂತವನು ಏಳ್ಲೇ ಇಲ್ಲ, ಅವರು ಹುಬ್ಬು ತೀಡ್ತಾ ಅವನ ಹತ್ರ ಸ್ಕೂಲು, ಕ್ರಿಕೆಟ್ ಎಲ್ಲಾ ಮಾತಾಡಿದ್ರು, ಆಮೇಲೆ ಅವರೇ ಕೌರವ ಆಗಿ ಚಂಡೆ ಪೆಟ್ಟಿಗೆ ರಂಗಸ್ಥಳಕ್ಕೆ ನುಗ್ಗಿದಾಗ ಇವನು ನನ್ನ ತೋಳು ಹಿಡ್ಕೊಂಡ. ಹನ್ನೆರಡೂವರೆಗೆ ಮಕ್ಕಳು ಚಾಪೆ ಮೇಲೆ ಮಲಗಿದ್ರು. ನಮ್ಮನೆಯವ್ರೂ. ನಾನೂ ಅತ್ತೇನೂ ಬೆಳಗಿನ ತನಕ ಕೂತಿದ್ವಿ, ಮಧ್ಯೆ ಎರಡು ಸಲ ಶೇಂಗಾ, ಮೂರು ಸಲ ಚಹಾ. ಸ್ವೆಟರ್ ಮರೀಬೇಡಿ, ಕರಾವಳಿ ಸೆಕೆ ಅಂತ ನಂಬಿ ಹೋಗಿದ್ದೆ, ಮೂರು ಗಂಟೆಗೆ ಇಬ್ಬನಿ ಬಿದ್ದು ನಡುಗ್ತಿದ್ದೆ.

ಐದನೇ ದಿನ ಮಧ್ಯಾಹ್ನದ ತನಕ ಮಲಗಿ, ಇಡಗುಂಜಿಗೆ ಹೋಗಿ ಪಂಚಕಜ್ಜಾಯ ತಗೊಂಡು ವಾಪಸ್. ಖರ್ಚು ಕೇಳೋರಿಗೆ: ಐದು ಜನಕ್ಕೆ ಎರಡೂ ಕಡೆ ರೂಮು, ಊಟ, ಪೆಟ್ರೋಲು, ದೋಣಿ, ನನ್ನ ಸೀರೆ ಎಲ್ಲಾ ಸೇರಿ 38,000 ಚಿಲ್ರೆ.

ಮುಂದಿನ ಆಗಸ್ಟಲ್ಲಿ ಉಳಿದಿದ್ದು ಅಂತಾಗಿದೆ, ಅಂಬುತೀರ್ಥ, ಮಂಡಗದ್ದೆ, ನೀರಿರೋ ಜೋಗ, ಸಮುದ್ರ ಇಲ್ಲ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ನಾನು ತರ್ತೀನಿ ಅಂತ ಅತ್ತೆ ಈಗ್ಲೇ ಹೇಳಿದಾರೆ, ಆದ್ರೆ ಮುಂದಿನ ಸೀಟು ಅವರಿಗೇ ಬೇಕಂತೆ.