ಪ್ಲಾಟ್‌ಗಿಂತ ಮೊದಲು ಉತಾರ

ಹುಬ್ಬಳ್ಳಿ ಕಡೆ ಕೈಯಾಗ ನಾಲ್ಕು ದುಡ್ಡು ಕೂಡಿದರೆ ಮೊದಲು ತಲೆಗೆ ಬರೋದು ಪ್ಲಾಟ್. ನನಗೂ ಬಂತು. ಆದರೆ ಕೊಳ್ಳುವ ಮೊದಲು ಬಹಳ ದಿನ ಬರೀ ಕಾಗದ ಓದಿದೆ. ನೆಂಟರು, ಗೆಳೆಯರು ನೋಡಿಟ್ಟ ಜಾಗಗಳ ಜೆರಾಕ್ಸ್ ಇಸಕೊಂಡು, ನಾನು ತಗೊಳ್ಳೋದಿಲ್ಲ ಅಂತ ಗೊತ್ತಿದ್ದರೂ ಅವುಗಳ ಬೆನ್ನು ಹತ್ತುತ್ತಿದ್ದೆ.

ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ 'ಭೂಮಿ' ತಾಣದಲ್ಲಿ ಉತಾರ, ಅಂದರೆ ಪಹಣಿ, ಸಿಗುತ್ತದೆ. 9ನೇ ಕಲಮಿನಲ್ಲಿ ಮಾಲೀಕರ ಹೆಸರು. ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ಕಣ್ಣಿಟ್ಟು ನೋಡಬೇಕಾದದ್ದು 11ನೇ ಕಲಮು. ಇತರರ ಹಕ್ಕು, ಸಾಲದ ಬೋಜಾ ಎಲ್ಲಾ ಅಲ್ಲಿರುತ್ತದೆ. ಅದರ ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಹಳೇ ವರ್ಷಗಳದ್ದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ಒಂದು ಜಾಗದ ಉತಾರ ನನಗೆ ಬಹಳ ಕಲಿಸಿತು. ಬೋಜಾ ಇಲ್ಲ, ಇಸಿ ಸ್ವಚ್ಛ. ತಂದೆ ತೀರಿದ ಮೇಲೆ ಇಬ್ಬರು ಗಂಡುಮಕ್ಕಳ ಹೆಸರಿಗೆ ವಾರಸಾ ಆಗಿತ್ತು. ವಂಶಾವಳಿ ಕೇಳಿದೆ. ಅದರಲ್ಲಿ ಮೂವರು ಹೆಣ್ಣುಮಕ್ಕಳ ಹೆಸರೂ ಇತ್ತು. "ಅವರ ಸಹಿ?" ಅಂದರೆ ಏಜೆಂಟ್ ನಕ್ಕ: "ಅವರ ಲಗ್ನ ಆಗಿ ಎಷ್ಟೋ ವರ್ಷ ಆತ್ರೀ ಸರ್. ಯಾರೂ ಕೇಳಂಗಿಲ್ಲ ಬಿಡ್ರಿ." ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಗಿದೆ, ಆ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ವಾಟ್ನಿ ಪತ್ರ (ಪಾಲುಪತ್ರ) ಇದ್ದಿದ್ದರೆ ಮಾತು ಬೇರೆ. ಇರಲಿಲ್ಲ. ಅಕ್ಕತಂಗಿಯರು ದಾವೆ ಹಾಕಿದರೆ ಕೋರ್ಟಿಗೆ ಅಲೆಯುವವನು ಕೊಂಡವನು. ಅವತ್ತಿನಿಂದ ನಾನು ಯಾವ ಜಾಗಕ್ಕೇ ಹೋದರೂ ರೇಟಿಗಿಂತ ಮೊದಲು ವಂಶಾವಳಿ ಕೇಳುತ್ತೇನೆ. ಕೆಲವು ಏಜೆಂಟರು ಆಮೇಲೆ ಫೋನೇ ಎತ್ತೋದಿಲ್ಲ. ಒಳ್ಳೇದೇ ಆಯಿತು.

ಗುಂಟಾ ಪ್ಲಾಟ್ ವಿಚಾರ ಚುಟುಕಾಗಿ ಹೇಳುತ್ತೇನೆ: ಬೇಡ. ಒಂದು ಗುಂಟೆ ಅಂದರೆ 1089 ಚದರ ಅಡಿ. ಹೊಲವನ್ನು ಎನ್‌ಎ (ಕೃಷಿಯೇತರ ಜಮೀನು) ಮಾಡಿಸದೆ, ಲೇಔಟ್ ಮಂಜೂರಿ ಇಲ್ಲದೆ ತುಂಡು ಮಾಡಿ ಮಾರುತ್ತಾರೆ. ಅಗ್ಗ ಅನ್ನೋದೇನೋ ಖರೆ. ಆದರೆ ಬ್ಯಾಂಕಿನವರು ಸಾಲ ಕೊಡಲು ಹಿಂದೇಟು ಹಾಕುತ್ತಾರೆ, ನಾಳೆ ಮಾರಲು ಹೋದರೆ ಗಿರಾಕಿಯೂ ಅದನ್ನೇ ಕೇಳುತ್ತಾನೆ. ನಾನು ನೋಡಿದ್ದು ಎನ್‌ಎ ಆದೇಶ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ನಕ್ಷೆ, ಇ-ಖಾತಾ. 500 ಚದರ ಮೀಟರ್ ಮೀರಿದ ಹೊಸ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಬೇಕು.

ಕಾಗದ ಆದ ಮೇಲೆ ಮಣ್ಣು. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದಂತೆ ಕೆಂಪು ನೆಲ ಸಿಗುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆ ಹೊರಳಿದರೆ ಎರಿ, ಅಂದರೆ ಕಪ್ಪು ನೆಲ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಮನೆ ಕಟ್ಟುವವನಿಗೆ ಪಾಯದ ಖರ್ಚು ಹೆಚ್ಚು, ಹಾಗಾಗಿ ಮಾರುವಾಗ ಅವನು ಚೌಕಾಸಿ ಮಾಡೇ ಮಾಡುತ್ತಾನೆ. ಪ್ಲಾಟ್ ನೋಡಲು ಜುಲೈ-ಆಗಸ್ಟಿನಲ್ಲಿ ಹೋಗಬೇಕು. ಏಜೆಂಟ್ ಕಾರು ರಸ್ತೆಯಲ್ಲೇ ನಿಲ್ಲಿಸಿ "ಇಲ್ಲಿಂದನ ನೋಡ್ರಿ ಸರ್" ಅಂದರೆ ಕಾರಣ ನಿಮ್ಮ ಬೂಟಿಗೇ ಗೊತ್ತಾಗುತ್ತದೆ.

ಇನ್ನು ಲೆಕ್ಕ. 30 ಲಕ್ಷದ ಪ್ಲಾಟಿಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ ಒಂದೂವರೆ ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಅದು 60 ಸಾವಿರ. ಮೇಲೆ ಸೆಸ್ಸು, ಸರ್ಚಾರ್ಜು, ಏಜೆಂಟನ ಕಮಿಷನ್. ಖಾಲಿ ಪ್ಲಾಟಿಗೆ ಬಾಡಿಗೆಯಂತೂ ಬರೋದಿಲ್ಲ. "ಆರು ತಿಂಗಳದಾಗ ಡಬಲ್" ಅನ್ನುವವರಿಗೆ ಈ ಲೆಕ್ಕ ಕೇಳಿಸುವುದಿಲ್ಲ.

ಕೊನೆಗೆ ನವನಗರದ ಆಚೆ ಒಂದು ಮಂಜೂರಾದ ಲೇಔಟಿನಲ್ಲಿ ತಗೊಂಡೆ. ಪೂರ್ತಿ ದುಡ್ಡು ಕೈಯಲ್ಲಿದ್ದರೂ ಸ್ವಲ್ಪ ಸಾಲ ಮಾಡಿದೆ, ಬ್ಯಾಂಕಿನ ವಕೀಲರೂ ಕಾಗದ ಓದಲಿ ಅಂತ. ಅವರು ನೋಡೋದು ಬ್ಯಾಂಕಿನ ಹಿತ, ಆದ್ದರಿಂದ ನನ್ನದೇ ವಕೀಲರನ್ನು ಬಿಡಲಿಲ್ಲ. ಸಂಚಕಾರ (ಮುಂಗಡ) ಕೊಟ್ಟದ್ದು ಚೆಕ್ಕಿನಲ್ಲಿ. ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ, ಚೆಕ್‌ಬಂದಿ (ನಾಲ್ಕೂ ದಿಕ್ಕಿನ ಗಡಿ) ಸಮೇತ ಫೋಟೊ ತೆಗೆದಿಟ್ಟಿದ್ದೇನೆ. ಪ್ರತಿವರ್ಷ ತೆರಿಗೆ ಕಟ್ಟುವಾಗ ಹೊಸ ಇಸಿ ತೆಗೆಸುತ್ತೇನೆ.