ಜಾಹೀರಾತು ಹೇಳದೆ ಬಿಟ್ಟ ಮಾತನ್ನು ಹಿಡಿಯುವುದು ಹೇಗೆ?

ತರಗತಿಯಲ್ಲಿ ಒಂದು ಜಾಹೀರಾತು ಹಾಕಿ, ‘ಇದು ಹೇಗೆ ಮನವೊಲಿಸುತ್ತದೆ, ಗಂಡು-ಹೆಣ್ಣನ್ನು ಹೇಗೆ ತೋರಿಸುತ್ತದೆ ಬರೆಯಿರಿ’ ಎಂದರೆ ಹುಡುಗರು ಐದೇ ನಿಮಿಷದಲ್ಲಿ ಪೆನ್ನು ಕೆಳಗಿಡುತ್ತಾರೆ. ಹಾಳೆಯ ಎಡಗಡೆ ತಂತ್ರಗಳ ಪಟ್ಟಿ: ಭಾವನೆ, ಸಿನಿಮಾ ತಾರೆ, ಹಾಡು. ಬಲಗಡೆ ‘ಗಂಡು ಹೀಗೆ, ಹೆಣ್ಣು ಹೀಗೆ’ ಎನ್ನುವ ಸಿದ್ಧಮಾದರಿಗಳ ಪಟ್ಟಿ: ಹೆಂಗಸು ಅಡುಗೆಮನೆಯಲ್ಲಿ, ಗಂಡಸು ಕಾರಿನಲ್ಲಿ. ಎರಡು ಪಟ್ಟಿಗೂ ಏನು ಸಂಬಂಧ ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ದೊಡ್ಡವರು ಮಾಡುವ ತಪ್ಪೂ ಇದೇ.

ಸಂಬಂಧ ಬಹಳ ಹತ್ತಿರದ್ದು. ಟಿವಿ ಜಾಹೀರಾತಿಗೆ ಸಾಮಾನ್ಯವಾಗಿ ಸಿಗುವುದು 20 ಸೆಕೆಂಡ್, ಇಲ್ಲವೇ 30. ಅಷ್ಟರಲ್ಲಿ ಒಬ್ಬರನ್ನು ಪರಿಚಯಿಸಬೇಕು, ಒಂದು ಚಿಂತೆ ಹುಟ್ಟಿಸಬೇಕು, ಅದಕ್ಕೆ ಪರಿಹಾರವನ್ನೂ ತೋರಿಸಬೇಕು. ಪರಿಚಯಕ್ಕೆ ಪುರುಸೊತ್ತಿಲ್ಲ. ಹಾಗಾಗಿ ನಮ್ಮ ತಲೆಯೊಳಗೆ ಮೊದಲೇ ಕೂತಿರುವ ಚಿತ್ರವನ್ನೇ ಎತ್ತಿಕೊಳ್ಳುತ್ತಾರೆ. ಮನೆ ನೋಡಿಕೊಳ್ಳುವ ತಾಯಿ, ದುಡ್ಡಿನ ಲೆಕ್ಕ ಬಲ್ಲ ಅಪ್ಪ, ಕನ್ನಡಿ ಮುಂದೆ ಅಳುಕುವ ಹುಡುಗಿ. ಸಿದ್ಧಮಾದರಿಯೇ ಇಲ್ಲಿ ತಂತ್ರ. ಎರಡನ್ನೂ ಬೇರೆ ಬೇರೆ ಬರೆದರೆ ಜಾಹೀರಾತು ಕೈಗೆ ಸಿಗುವುದಿಲ್ಲ.

1. ಒಂದೇ ಒಂದನ್ನು ಆರಿಸಿಕೊಳ್ಳಿ

ಹತ್ತು ಜಾಹೀರಾತನ್ನು ಒಂದೊಂದು ಸಲ ನೋಡುವ ಬದಲು ಒಂದನ್ನೇ ಹತ್ತು ಸಲ ನೋಡಿ. ನಿಮಗೆ ಮೊದಲೇ ಸಿಟ್ಟು ತರಿಸಿರುವ ಜಾಹೀರಾತು ಬೇಡ. ಸಿಟ್ಟಿದ್ದರೆ ನೋಡುವ ಮೊದಲೇ ತೀರ್ಪು ಬಂದುಬಿಡುತ್ತದೆ.

2. ದನಿ ತೆಗೆದು ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ

ಮೊದಲ ಸಲ ಮ್ಯೂಟ್ ಮಾಡಿಯೇ ನೋಡಬೇಕು. ಹಾಡು ಶುರುವಾದರೆ ಕಣ್ಣು ಮಂಕಾಗುತ್ತದೆ. ಕಾಗದ, ಪೆನ್ಸಿಲ್ ಹಿಡಿದುಕೊಳ್ಳಿ. ಒಂದೊಂದು ಶಾಟ್‌ಗೆ, ಅಂದರೆ ಕತ್ತರಿಸದೆ ಓಡುವ ಒಂದೊಂದು ತುಣುಕಿಗೆ, ಒಂದೊಂದು ಸಾಲು. ‘ಪಾಪದ ಗೃಹಿಣಿ’ ಅಂತ ಬರೆಯಬೇಡಿ, ಅದು ನಿಮ್ಮ ಅಭಿಪ್ರಾಯ. ‘ಹೆಂಗಸು ನೆಲದ ಮೇಲೆ ಕೂತಿದ್ದಾಳೆ, ಗಂಡಸು ನಿಂತಿದ್ದಾನೆ’ ಅಂತ ಬರೆಯಿರಿ, ಅದು ಕಂಡದ್ದು.

ಕೈಗಳನ್ನು ಮರೆಯದೆ ನೋಡಿ. ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲಿ ನೂರಾರು ಜಾಹೀರಾತು ಚಿತ್ರಗಳನ್ನು ಸಾಲಾಗಿ ಜೋಡಿಸಿ ನೋಡಿದರು. ಗಂಡಸಿನ ಕೈ ವಸ್ತುವನ್ನು ಗಟ್ಟಿಯಾಗಿ ಹಿಡಿದಿರುತ್ತಿತ್ತು, ಬಳಸುತ್ತಿತ್ತು. ಹೆಂಗಸಿನ ಬೆರಳು ಅದೇ ವಸ್ತುವಿನ ಅಂಚನ್ನು ಸುಮ್ನೆ ಸವರುತ್ತಿತ್ತು. ಗಂಡಸು ಎತ್ತರದಲ್ಲಿ, ಹೆಂಗಸು ತಗ್ಗಿನಲ್ಲಿ. ಹೆಂಗಸಿನ ನೋಟ ಎಲ್ಲೋ ದೂರದಲ್ಲಿ ಕಳೆದುಹೋಗಿರುತ್ತಿತ್ತು. ಇಬ್ಬರೂ ಸೇರಿ ಕೆಲಸ ಮಾಡುತ್ತಿದ್ದರೆ ಹೇಳಿಕೊಡುವವನು ಗಂಡಸು. ಇಷ್ಟು ವರ್ಷ ಕಳೆದರೂ ಈ ನಾಲ್ಕು ಗುರುತು ಈಗಲೂ ಬಳಕೆಗೆ ಬರುತ್ತವೆ. ಒಂದು ಸಲ ಕೈಗಳನ್ನು ನೋಡುವುದು ರೂಢಿಯಾದರೆ ಮತ್ತೆ ಬಿಡುವುದಿಲ್ಲ.

3. ಈಗ ದನಿ ಹಾಕಿ

ಪ್ರಶ್ನೆ ಕೇಳುವವರು ಯಾರು, ಉತ್ತರ ಹೇಳುವವರು ಯಾರು, ಕೊನೆಯಲ್ಲಿ ಉತ್ಪನ್ನದ ಹೆಸರು ಹೇಳುವ ದನಿ ಯಾರದು. ಮೂರು ಸಾಲು ಬರೆದು ಮುಂದೆ ಹೋಗಿ.

4. ತಂತ್ರಕ್ಕೆ ಹೆಸರಿಡಿ

ರಾಬರ್ಟ್ ಸಿಯಾಲ್ಡಿನಿ ಎಂಬ ಮನಶ್ಶಾಸ್ತ್ರಜ್ಞ 1984ರಲ್ಲಿ ಕೊಟ್ಟ ಆರು ಹೆಸರು ಸಾಕು. ಏನಾದರೂ ಕೊಟ್ಟು ಋಣಕ್ಕೆ ಬೀಳಿಸುವುದು. ಸಣ್ಣದೊಂದಕ್ಕೆ ಹೂಂ ಅನ್ನಿಸಿ ದೊಡ್ಡದಕ್ಕೂ ಒಪ್ಪಿಸುವುದು. ‘ಎಲ್ಲರೂ ಕೊಳ್ಳುತ್ತಿದ್ದಾರೆ’ ಎನ್ನುವುದು. ಬಲ್ಲವರ ಬಾಯಿಂದ ಹೇಳಿಸುವುದು. ನಮಗೆ ಇಷ್ಟವಾದವರಿಂದ ಹೇಳಿಸುವುದು. ‘ಇನ್ನು ಸ್ವಲ್ಪವೇ ಉಳಿದಿದೆ’ ಎಂದು ಅವಸರ ಹುಟ್ಟಿಸುವುದು.

ಐವತ್ತು ತಂತ್ರಗಳ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ. ಚೌಕಕ್ಕೆ ಟಿಕ್ ಹಾಕುವ ಸಿದ್ಧ ನಮೂನೆಗಳೂ ಇವೆ. ಅವನ್ನು ಮುಟ್ಟಬೇಡಿ. ಟಿಕ್ ಹಾಕಿದವರು ನೋಡುವುದನ್ನು ನಿಲ್ಲಿಸಿಬಿಡುತ್ತಾರೆ. ಜಾಹೀರಾತಿನ ಲಿಂಕ್ ಕೊಟ್ಟು ಕಂಪ್ಯೂಟರ್‌ನಿಂದ ವಿಶ್ಲೇಷಣೆ ಬರೆಸುವ ಅಡ್ಡದಾರಿಯೂ ಈಗ ಬಂದಿದೆ. ಹಾಗೆ ಬರೆಸಿಕೊಂಡು ಬಂದ ಹಾಳೆಗಳನ್ನು ಓದಿದ್ದೇನೆ. ಯಾವ ಜಾಹೀರಾತಿಗೆ ಬೇಕಾದರೂ ಹೊಂದುವ ಮಾತುಗಳು ಅದರಲ್ಲಿರುತ್ತವೆ. ಈ ಜಾಹೀರಾತಿಗೆ ಮಾತ್ರ ಹೊಂದುವ ಮಾತು ನಿಮ್ಮ ಕಣ್ಣಿಂದಲೇ ಬರಬೇಕು.

5. ಹೇಳದೆ ಬಿಟ್ಟ ವಾಕ್ಯವನ್ನು ಬರೆಯಿರಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ, ಅವಸರ ಮಾಡಬೇಡಿ.

ಜಾಹೀರಾತಿನ ಅಡಿಯಲ್ಲಿ ಬಾಯಿಬಿಟ್ಟು ಹೇಳದ ಒಂದು ವಾಕ್ಯ ಇರುತ್ತದೆ. ನೋಡುವವರು ಅದನ್ನು ಒಪ್ಪಿದರೆ ಮಾತ್ರ ಉಳಿದದ್ದೆಲ್ಲ ನಡೆಯುತ್ತದೆ. ಬಾಯಿಬಿಟ್ಟು ಹೇಳಿದರೆ ಯಾರಾದರೂ ‘ಯಾಕೆ ಹಾಗೆ?’ ಎಂದು ಕೇಳಿಯಾರು. ಹೇಳದೆ ಬಿಟ್ಟರೆ ನಾವೇ ತುಂಬಿಕೊಳ್ಳುತ್ತೇವೆ. ನಾವೇ ತುಂಬಿಕೊಂಡದ್ದನ್ನು ನಮ್ಮದೇ ಯೋಚನೆ ಅಂದುಕೊಳ್ಳುತ್ತೇವೆ.

ಬಟ್ಟೆ ಒಗೆಯುವ ಪುಡಿಯ ಒಂದು ಜಾಹೀರಾತನ್ನು ನಾನು ಪಾಠಕ್ಕೆ ಬಳಸುತ್ತೇನೆ. ಹುಡುಗ ಆಟ ಮುಗಿಸಿ ಮನೆಗೆ ಓಡಿ ಬರುತ್ತಾನೆ. ಬಿಳಿ ಅಂಗಿಯ ಎದೆಯ ಮೇಲೆ ಕೆಸರು. ಕ್ಯಾಮೆರಾ ಕೆಸರಿನಿಂದ ನೇರ ತಾಯಿಯ ಮುಖಕ್ಕೆ ಹೋಗುತ್ತದೆ. ಹುಬ್ಬು ಗಂಟಿಕ್ಕಿದೆ. ಹಿಂದೆ ಸೋಫಾ ಮೇಲೆ ಕಾಲು ಚಾಚಿಕೊಂಡ ಅಪ್ಪ ಮಸುಕಾಗಿ ಕಾಣುತ್ತಾನೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಅಂಗಿ ನೋಡುತ್ತಾಳೆ, ಆಮೇಲೆ ತಾಯಿಯನ್ನು ನೋಡುತ್ತಾಳೆ. ಬಿಳಿ ಕೋಟಿನ ಗಂಡಸೊಬ್ಬ ಪುಡಿ ಹೇಗೆ ಕೊಳೆ ತೆಗೆಯುತ್ತದೆ ಅಂತ ವಿವರಿಸುತ್ತಾನೆ. ಕೊನೆಗೆ ಬೆಳ್ಳಗಿನ ಅಂಗಿ, ತಾಯಿಯ ನಗು, ಮಗನ ಅಪ್ಪುಗೆ.

ಒಬ್ಬ ಹುಡುಗಿ ಬರೆದದ್ದು: ‘ಬಟ್ಟೆ ಒಗೆಯುವುದು ಹೆಂಗಸರ ಕೆಲಸ.’ ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ. ಸುಳ್ಳಲ್ಲ, ಆದರೆ ಅರ್ಧ. ಅಷ್ಟರಿಂದಲೇ ಯಾರೂ ಪುಡಿ ಕೊಳ್ಳುವುದಿಲ್ಲ. ನಾನು ಅವಳ ಹಾಳೆಯ ಮೇಲೆ ಬೆರಳಿಟ್ಟು ಕೇಳಿದೆ: ‘ಪಕ್ಕದ ಮನೆಯಾಕೆ ಯಾಕಿದ್ದಾಳೆ? ಅವಳನ್ನು ತೆಗೆದುಹಾಕಿದರೆ ಏನು ಹಾಳಾಗುತ್ತದೆ?’ ಅವಳು ಜಾಹೀರಾತನ್ನು ಇನ್ನೆರಡು ಸಲ ನೋಡಿದಳು. ‘ಮೇಡಂ, ಆಯಮ್ಮ ಅಂಗಿ ನೋಡಿ ತಾಯಿಗೆ ಮಾರ್ಕ್ಸ್ ಹಾಕ್ತಾ ಇದ್ದಾಳೆ’ ಎಂದಳು. ಆಮೇಲೆ ಬರೆದಳು: ‘ಮಗುವಿನ ಅಂಗಿಯ ಕಲೆ ನೋಡಿ ಜನ ತಾಯಿ ಎಂಥವಳು ಅಂತ ಅಳೆಯುತ್ತಾರೆ.’

ಅದೇ ವಾಕ್ಯ. ಈಗ ಎಲ್ಲ ಶಾಟ್‌ಗೂ ಅರ್ಥ ಬಂತು. ಅಪ್ಪ ಯಾಕೆ ಮಸುಕು? ಅವನನ್ನು ಯಾರೂ ಅಳೆಯುತ್ತಿಲ್ಲ. ಕ್ಯಾಮೆರಾ ಕೆಸರಿನಿಂದ ತಾಯಿಯ ಮುಖಕ್ಕೇ ಯಾಕೆ ಹಾರಿತು? ಕಲೆ ಅಂಗಿಯಿಂದ ಅವಳಿಗೆ ದಾಟಲಿ ಅಂತ. ಪೊಟ್ಟಣದಲ್ಲಿ ಪುಡಿ ಇದೆ, ಆದರೆ ಮಾರುತ್ತಿರುವುದು ನಾಚಿಕೆಯಿಂದ ಬಿಡುಗಡೆ.

ವಾಕ್ಯ ಸರಿಯಾಗಿದೆಯೇ ಅಂತ ತಿಳಿಯಲು ಎರಡು ಪರೀಕ್ಷೆ ಮಾಡಿ. ಕೊನೆಯ ಶಾಟ್‌ಗೆ ಮೊದಲು ನಿಮ್ಮ ವಾಕ್ಯವನ್ನು ಗಟ್ಟಿಯಾಗಿ ಓದಿ. ಆ ಶಾಟ್ ಅದಕ್ಕೆ ಉತ್ತರದ ಹಾಗೆ ಕೂರಬೇಕು. ಆಮೇಲೆ, ಕಂಪನಿಯವರು ಈ ವಾಕ್ಯವನ್ನು ಹಾಗೆಯೇ ಪೊಟ್ಟಣದ ಮೇಲೆ ಮುದ್ರಿಸುತ್ತಾರಾ ಅಂತ ಕೇಳಿಕೊಳ್ಳಿ. ಸಂತೋಷವಾಗಿ ಮುದ್ರಿಸುತ್ತಾರೆ ಅನ್ನಿಸಿದರೆ ನೀವು ಇನ್ನೂ ಮೇಲ್ಮೈಯಲ್ಲೇ ಇದ್ದೀರಿ. ‘ಜನ ತಾಯಿಯನ್ನು ಅಳೆಯುತ್ತಾರೆ’ ಅಂತ ಯಾರೂ ಮುದ್ರಿಸುವುದಿಲ್ಲ, ಅಲ್ವಾ?

ಚಿಂತೆಯನ್ನೇ ಹುಟ್ಟಿಸಿ ಮಾರುವುದು ನೂರು ವರ್ಷ ಹಳೆಯ ಪಾಠ. ಲಿಸ್ಟರಿನ್ ಎಂಬ ಬಾಯಿ ಮುಕ್ಕಳಿಸುವ ದ್ರವ ಮೊದಲು ಶಸ್ತ್ರಚಿಕಿತ್ಸೆಗೆ ಬಳಸುವ ಕ್ರಿಮಿನಾಶಕವಾಗಿತ್ತು. 1920ರ ದಶಕದಲ್ಲಿ ಅದನ್ನು ಬಾಯಿಯ ವಾಸನೆಗೆ ಔಷಧಿಯಾಗಿ ಮಾರಲು ಹೊರಟರು. ಒಂದು ಪ್ರಸಿದ್ಧ ಜಾಹೀರಾತಿನಲ್ಲಿ ಗೆಳತಿಯರಿಗೆಲ್ಲ ಮದುವೆಯಾಗಿ ತಾನೊಬ್ಬಳೇ ಉಳಿದ ಹುಡುಗಿ ಇದ್ದಳು. ಕಾರಣ ಬಾಯಿಯ ವಾಸನೆ, ಅವಳಿಗೆ ಮಾತ್ರ ಅದು ಗೊತ್ತಿಲ್ಲ. ಹೇಳದೆ ಬಿಟ್ಟ ವಾಕ್ಯ ನೋಡಿ: ಮದುವೆಯಾಗದಿರುವುದು ಹೆಣ್ಣಿನ ಸೋಲು, ತಪ್ಪು ಅವಳ ಮೈಯಲ್ಲೇ ಎಲ್ಲೋ ಇದೆ. 1915ರಲ್ಲಿ ಜಿಲೆಟ್ ಹೆಂಗಸರಿಗೆಂದು ರೇಜರ್ ತಂದಾಗಲೂ ಹೀಗೇ. ಕಂಕುಳ ಕೂದಲು ಮುಜುಗರದ ವಿಷಯ ಅಂತ ಮೊದಲು ಕಲಿಸಬೇಕಾಯಿತು.

ಗಂಡಸರ ಜಾಹೀರಾತಿಗೂ ಇದೇ ಕೆಲಸ ಮಾಡಿ. ವಿಮೆಯ ಜಾಹೀರಾತಿನಲ್ಲಿ ಅಪ್ಪ ಮಲಗಿದ ಮಕ್ಕಳನ್ನು ನೋಡುತ್ತಾ ನಿಂತಿರುತ್ತಾನಲ್ಲ, ಅಲ್ಲಿನ ವಾಕ್ಯ ‘ದುಡಿದು ತರದ ಅಪ್ಪ ಅಪ್ಪನೇ ಅಲ್ಲ’. ಆ ಭಾರ ಹೊತ್ತವರನ್ನು ಕೇಳಿದರೆ ಇದು ಎಷ್ಟು ಚುಚ್ಚುತ್ತದೆ ಅಂತ ತಿಳಿಯುತ್ತದೆ.

6. ಅದಲು ಬದಲು ಮಾಡಿ

ಗಂಡಸಿನ ಜಾಗಕ್ಕೆ ಹೆಂಗಸು, ಹೆಂಗಸಿನ ಜಾಗಕ್ಕೆ ಗಂಡಸು. ಎಲ್ಲರಿಗೂ ಗೊತ್ತಿರುವ ಪರೀಕ್ಷೆ, ಬಹಳ ಜನ ಕೆಡಿಸುವ ಪರೀಕ್ಷೆಯೂ ಹೌದು. ತಾಯಿಯನ್ನು ಮಾತ್ರ ಬದಲಿಸಿ ಮಿಕ್ಕವರನ್ನು ಹಾಗೇ ಬಿಡುತ್ತಾರೆ. ಇಲ್ಲವೇ ‘ಈಗ ಗಂಡಸರೂ ಬಟ್ಟೆ ಒಗೆಯುತ್ತಾರೆ ಬಿಡಿ’ ಎಂದು ಜಾಹೀರಾತಿನಿಂದ ಹೊರಗೆ ನಡೆದುಬಿಡುತ್ತಾರೆ.

ಎಲ್ಲರನ್ನೂ ಬದಲಿಸಿ. ಶಾಟ್ ಅದೇ, ಸೆಕೆಂಡ್ ಅಷ್ಟೇ. ಅಪ್ಪ ಹುಬ್ಬು ಗಂಟಿಕ್ಕುತ್ತಾನೆ. ತಾಯಿ ಸೋಫಾ ಮೇಲೆ ಕಾಲು ಚಾಚಿದ್ದಾಳೆ. ಪಕ್ಕದ ಮನೆಯ ಗಂಡಸು ಬಾಗಿಲಲ್ಲಿ ನಿಂತು ಅಂಗಿ ನೋಡುತ್ತಾನೆ, ಆಮೇಲೆ ಅಪ್ಪನನ್ನು ನೋಡುತ್ತಾನೆ. ನನ್ನ ತರಗತಿ ನಕ್ಕಿದ್ದು ಇಲ್ಲಿ. ನಗು ಬಂದ ಜಾಗಕ್ಕೆ ಗುರುತು ಹಾಕಿ. ಅಂಗಿಯ ಕಲೆಗೆ ಅಪ್ಪನನ್ನು ಅಳೆಯುವವರು ಯಾರೂ ಇಲ್ಲ, ಅದಕ್ಕೇ ನಗು. ಐದನೇ ಹಂತದ ವಾಕ್ಯ ಸರಿ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಬದಲಿಸಿದರೂ ಏನೂ ವ್ಯತ್ಯಾಸ ಆಗದಿದ್ದರೆ ಹಾಗೆಂದೇ ಬರೆಯಿರಿ. ಎಲ್ಲ ಜಾಹೀರಾತಿನಲ್ಲೂ ತಪ್ಪು ಇರಲೇಬೇಕೆಂದಿಲ್ಲ.

ಕಂಪನಿಗಳೇ ಹೀಗೆ ಅದಲು ಬದಲು ಮಾಡಿದ್ದೂ ಇದೆ. ಮಾರ್ಲ್‌ಬರೊ ಸಿಗರೇಟನ್ನು 1920ರ ದಶಕದಲ್ಲಿ ಹೆಂಗಸರಿಗೆಂದು, ಮೃದುವಾದ ಸಿಗರೇಟು ಅಂತ ಮಾರುತ್ತಿದ್ದರು. 1950ರ ದಶಕದಲ್ಲಿ ಅದಕ್ಕೆ ಫಿಲ್ಟರ್ ಬಂತು. ಫಿಲ್ಟರ್ ಸಿಗರೇಟು ಹೆಂಗಸರದ್ದು ಎಂಬ ಭಾವನೆ ಆಗ ಇತ್ತು. ಶಿಕಾಗೊದ ಲಿಯೊ ಬರ್ನೆಟ್ ಏಜೆನ್ಸಿ ಅದರ ಪಕ್ಕ ದನ ಕಾಯುವ ಕೌಬಾಯ್‌ನನ್ನು ತಂದು ನಿಲ್ಲಿಸಿತು. ಅದು ಗಂಡಸುತನದ ಗುರುತೇ ಆಗಿಹೋಯಿತು.

7. ‘ಹೆಣ್ಣಿಗೆ ಶಕ್ತಿ’ ಎನ್ನುವ ಜಾಹೀರಾತಿಗೆ ರಿಯಾಯಿತಿ ಬೇಡ

ಹುಡುಗಿ ಬೆಟ್ಟ ಹತ್ತುತ್ತಾಳೆ, ಬಾಕ್ಸಿಂಗ್ ಮಾಡುತ್ತಾಳೆ, ಕೊನೆಗೆ ಒಂದು ಕ್ರೀಮ್ ಡಬ್ಬಿ ಬರುತ್ತದೆ. ಇಂಥದ್ದನ್ನು ನೋಡಿ ‘ಒಳ್ಳೆಯ ಜಾಹೀರಾತು’ ಅಂತ ಪೆನ್ಸಿಲ್ ಕೆಳಗಿಡುವವರು ಜಾಸ್ತಿ. ಮತ್ತೆ ಐದನೇ ಹಂತಕ್ಕೆ ಹೋಗಿ. ಕ್ರೀಮ್ ಇಲ್ಲದೆ ಅವಳು ಬೆಟ್ಟ ಹತ್ತುತ್ತಿದ್ದಳೇ?

ಸಿದ್ಧಮಾದರಿ ಮುರಿಯುವುದೂ ಮಾರುವ ತಂತ್ರವೇ. 1929ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಗೆ ಕೆಲಸ ಮಾಡುತ್ತಿದ್ದ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಂಗಸರು ಸಿಗರೇಟು ಹಚ್ಚುವ ಹಾಗೆ ಏರ್ಪಾಡು ಮಾಡಿದರು. ಹೆಂಗಸರು ಬೀದಿಯಲ್ಲಿ ಸೇದುವುದನ್ನು ಆಗ ಜನ ಸಹಿಸುತ್ತಿರಲಿಲ್ಲ. ಆ ಸಿಗರೇಟುಗಳಿಗೆ ‘ಸ್ವಾತಂತ್ರ್ಯದ ಪಂಜುಗಳು’ ಎಂಬ ಹೆಸರು ಕೊಟ್ಟರು, ಸುದ್ದಿ ಪತ್ರಿಕೆಗಳಲ್ಲಿ ಬಂತು. ಹೆಂಗಸರಿಗೆ ಸಮಾನತೆ ಬೇಕಿದ್ದದ್ದು ನಿಜ. ಕಂಪನಿಗೆ ಬೇಕಿದ್ದದ್ದು ಇನ್ನಷ್ಟು ಗಿರಾಕಿಗಳು.

ಇದೇ ಹಂತದಲ್ಲಿ ಬೆಲೆ ಚೀಟಿಯನ್ನೂ ನೋಡಿಬಿಡಿ. ನ್ಯೂಯಾರ್ಕ್ ನಗರಾಡಳಿತ 2015ರಲ್ಲಿ ಸುಮಾರು 800 ವಸ್ತುಗಳನ್ನು ಹೋಲಿಸಿದಾಗ ಹೆಂಗಸರಿಗೆಂದು ಮಾಡಿದವು ಗಂಡಸರವಕ್ಕಿಂತ ಸರಾಸರಿ ಶೇ 7ರಷ್ಟು ದುಬಾರಿಯಾಗಿದ್ದವು.

8. ದೂರು ಕೊಡುವುದಾದರೆ

ಬ್ರಿಟನ್‌ನಲ್ಲಿ 2019ರ ಜೂನ್‌ನಿಂದ ಹಾನಿ ಮಾಡುವಂಥ ಲಿಂಗ ಸಿದ್ಧಮಾದರಿಗಳಿಗೆ ಜಾಹೀರಾತಿನಲ್ಲಿ ಜಾಗವಿಲ್ಲ. ಭಾರತದ ಜಾಹೀರಾತು ಮಾನದಂಡ ಮಂಡಳಿಯೂ (ASCI) 2022ರಲ್ಲಿ ಇಂಥದ್ದೇ ಮಾರ್ಗಸೂಚಿ ತಂದಿತು. ಹೆಂಗಸು ನೆಲ ಒರೆಸುವುದನ್ನು ತೋರಿಸಲೇಬಾರದು ಅಂತ ಬ್ರಿಟನ್‌ನ ನಿಯಮ ಹೇಳುವುದಿಲ್ಲ. ಮನೆಯವರೆಲ್ಲ ಗಲೀಜು ಮಾಡಿ, ಗಂಡಸು ಕಾಲು ಚಾಚಿ ಕೂತು, ಒಬ್ಬ ಹೆಂಗಸೇ ಎಲ್ಲವನ್ನೂ ಶುಚಿ ಮಾಡುವ ಹಾಗೆ ತೋರಿಸಿದರೆ ತಪ್ಪು.

ಆ ನಿಯಮದಡಿ ಮೊದಲು ನಿಂತುಹೋದವು ಎರಡು ಜಾಹೀರಾತು, 2019ರ ಆಗಸ್ಟ್‌ನಲ್ಲಿ. ಒಂದು ಫಿಲಡೆಲ್ಫಿಯಾ ಚೀಸ್‌ನದು. ತಿನ್ನುವ ಗುಂಗಿನಲ್ಲಿ ಅಪ್ಪಂದಿರು ಮಕ್ಕಳನ್ನು ತಿಂಡಿ ಸಾಗಿಸುವ ಬೆಲ್ಟ್ ಮೇಲೆ ಬಿಟ್ಟುಬಿಡುತ್ತಾರೆ. ಗಂಡಸರಿಗೆ ಮಗು ನೋಡಿಕೊಳ್ಳಲು ಬರುವುದಿಲ್ಲ ಎಂಬ ಚಿತ್ರ ಅದು. ಇನ್ನೊಂದು ಫೋಕ್ಸ್‌ವ್ಯಾಗನ್‌ದು. ಗಂಡಸರು ಬಾಹ್ಯಾಕಾಶದಲ್ಲಿ, ಕ್ರೀಡೆಯಲ್ಲಿ ಸಾಹಸ ಮಾಡುತ್ತಾರೆ, ಆಮೇಲೆ ಮಗುವಿನ ಗಾಡಿಯ ಪಕ್ಕ ಹೆಂಗಸು ಕೂತಿರುತ್ತಾಳೆ. ಒಂದೊಂದೇ ಶಾಟ್ ನೋಡಿದರೆ ಏನೂ ತಪ್ಪಿಲ್ಲ. ಸಾಲಾಗಿ ಜೋಡಿಸಿದ್ದರಲ್ಲಿ ತಪ್ಪಿತ್ತು. ಎರಡನೇ ಹಂತದಲ್ಲಿ ಶಾಟ್‌ಗೊಂದು ಸಾಲು ಬರೆಯಿರಿ ಎಂದದ್ದು ಇದಕ್ಕೇ.

ಮಂಡಳಿಗೆ ಕೊಡುವ ದೂರಿನಲ್ಲಿ ‘ಮಹಿಳೆಯರಿಗೆ ಅವಮಾನ’ ಅಂತ ಮಾತ್ರ ಬರೆದರೆ ಸಾಲದು. ಯಾವ ಶಾಟ್, ಎಷ್ಟನೇ ಸೆಕೆಂಡ್, ಹೇಳದೆ ಬಿಟ್ಟ ವಾಕ್ಯ ಯಾವುದು ಅಂತ ಬರೆಯಿರಿ. ಚಾನೆಲ್, ದಿನ, ಸಮಯ ಸೇರಿಸಿ. ಫೋನಿನಲ್ಲಿ ಕಂಡದ್ದಾದರೆ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫೋನು ಒಬ್ಬೊಬ್ಬರಿಗೆ ಒಂದೊಂದು ಜಾಹೀರಾತು ತೋರಿಸುತ್ತದೆ, ಅದೇ ಮತ್ತೆ ನಿಮ್ಮ ಕಣ್ಣಿಗೆ ಬೀಳದೆ ಹೋಗಬಹುದು.